ಬೋರ್ಡ್ ಉಳಿಸಿಕೊಂಡು ಪ್ರೊಸೆಸರ್ ಮಾತ್ರ ಬದಲಿಸಿದೆ

ನನ್ನ ಡೆಸ್ಕ್‌ಟಾಪ್ ಜೋಡಿಸಿದ್ದು 2017ರ ಕೊನೆಯಲ್ಲಿ. ಎಎಂಡಿ ಕಂಪನಿಯ ರೈಜನ್ 3 1200 ಪ್ರೊಸೆಸರ್, ಬಿ350 ಚಿಪ್‌ಸೆಟ್‌ನ (ಬೋರ್ಡ್‌ನ ನಿಯಂತ್ರಕ ಚಿಪ್) ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, ಒಂದು ಹಾರ್ಡ್ ಡಿಸ್ಕ್, ಒಂದು ಸಣ್ಣ ಗ್ರಾಫಿಕ್ಸ್ ಕಾರ್ಡ್. ಹಲವು ವರ್ಷ ತಕರಾರಿಲ್ಲದೆ ದುಡಿಯಿತು. ಆಮೇಲೆ ನಾನು ಪಾಠದ ವಿಡಿಯೊಗಳನ್ನು ಎಡಿಟ್ ಮಾಡಲು ಶುರು ಮಾಡಿದೆ. ಅಲ್ಲಿಂದ ಅದು ಏದುಸಿರು ಬಿಡತೊಡಗಿತು. ಇಪ್ಪತ್ತು ನಿಮಿಷದ ಒಂದು ಪಾಠ ಎಕ್ಸ್‌ಪೋರ್ಟ್ ಆಗಲು ಹತ್ತಿರ ಹತ್ತಿರ ಒಂದು ಗಂಟೆ ಬೇಕಾಗುತ್ತಿತ್ತು.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು, "ಹಳೇದಾಯ್ತು, ಹೊಸದು ತಗೊಂಡುಬಿಡಿ." ಆದರೆ ಬೋರ್ಡ್ ಕೆಟ್ಟಿರಲಿಲ್ಲ. ಪವರ್ ಸಪ್ಲೈ, ಕ್ಯಾಬಿನೆಟ್ ಎಲ್ಲವೂ ಚೆನ್ನಾಗಿದ್ದವು. ಚೆನ್ನಾಗಿರುವ ವಸ್ತುವನ್ನು ಮೂಲೆಗೆ ತಳ್ಳಲು ನನಗೆ ಮನಸ್ಸು ಬರಲಿಲ್ಲ. ನಿಜವಾಗಿ ಯಾವುದು ನಿಧಾನ ಎಂದು ಮೊದಲು ನೋಡೋಣ ಅಂದುಕೊಂಡೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡೆ. ನಾಲ್ಕೈದು ದಿನ ಕೆಲಸ ಮಾಡುತ್ತಾ ಅದರ ಮೇಲೆ ಕಣ್ಣಿಟ್ಟಿದ್ದೆ. ಕಂಪ್ಯೂಟರ್ ಆನ್ ಮಾಡಿದಾಗ, ಬ್ರೌಸರ್ ತೆರೆದಾಗ ಪ್ರೊಸೆಸರ್ ಬಳಕೆ ಕಾಲು ಭಾಗವೂ ಇಲ್ಲ, ಡಿಸ್ಕ್ ಮಾತ್ರ ಶೇಕಡಾ 100ರಲ್ಲೇ ನಿಂತಿದೆ! ಇಷ್ಟು ದಿನ ನಾನು ಪ್ರೊಸೆಸರ್‌ನ ಮೇಲೆ ಹೊರಿಸಿದ್ದ ತಪ್ಪಿನಲ್ಲಿ ಅರ್ಧ ಹಾರ್ಡ್ ಡಿಸ್ಕಿನದು. ಮೊದಲು ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಎಸ್‌ಎಸ್‌ಡಿ ಹಾಕಿ ವಿಂಡೋಸನ್ನು ಅದಕ್ಕೆ ಸಾಗಿಸಿದೆ. ಇದ್ದ ರ‍್ಯಾಮ್‌ಗೆ ಹೊಂದುವ ಇನ್ನೊಂದು 8 ಜಿಬಿ ಸೇರಿಸಿದೆ. ಎರಡು ರ‍್ಯಾಮ್ ಜೋಡಿಯಾಗಿ ಸರಿಯಾದ ಸ್ಲಾಟ್‌ಗಳಲ್ಲಿದ್ದರೆ ಡ್ಯುಯಲ್ ಚಾನೆಲ್ (ಎರಡರಿಂದಲೂ ಒಟ್ಟಿಗೆ ಡೇಟಾ ಹರಿಯುವ ದಾರಿ) ಸಿಗುತ್ತದೆ, ರೈಜನ್‌ಗೆ ಇದರಿಂದ ಒಳ್ಳೆಯ ಲಾಭ. ದಿನದ ಕೆಲಸ ಅಷ್ಟಕ್ಕೇ ಹಗುರವಾಯಿತು. ಬರೀ ಬ್ರೌಸರ್, ಪತ್ರ, ಲೆಕ್ಕದ ಕೆಲಸ ಇದ್ದವರು ಇಲ್ಲಿಗೇ ನಿಲ್ಲಿಸಬಹುದು.

ನನಗೆ ಅಷ್ಟು ಸಾಲಲಿಲ್ಲ. ವಿಡಿಯೊ ಎಕ್ಸ್‌ಪೋರ್ಟ್‌ಗೆ ಕೂರಿಸಿದರೆ ಪ್ರೊಸೆಸರ್‌ನ ನಾಲ್ಕೂ ಕೋರ್‌ಗಳು ಶುರುವಿನಿಂದ ಕೊನೆಯವರೆಗೂ ತುಂಬಿ ನಿಂತಿರುತ್ತಿದ್ದವು. ಜೊತೆಗೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯುವುದಿತ್ತು. ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ನನ್ನ 1200 ಇರಲಿಲ್ಲ. ಈಗ ಪ್ರೊಸೆಸರ್ ಬದಲಿಸುವ ಮಾತಿಗೆ ಅರ್ಥ ಬಂತು.

ಇಲ್ಲಿಂದ ಮುಂದೆ ತೀರ್ಮಾನ ಮಾಡುವುದು ಬೋರ್ಡ್. ಈ ವಿಷಯದಲ್ಲಿ ನನ್ನದು ಒಳ್ಳೆಯ ಬೋರ್ಡ್ ಎಂದೇ ಹೇಳಬೇಕು. ಎಎಂಡಿಯವರು ಎಎಂ4 ಎಂಬ ಸಾಕೆಟ್ಟನ್ನು (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಹಲವು ಪೀಳಿಗೆಗೆ ಬಳಸಿದರು. 2017ರ ಬೋರ್ಡ್‌ಗಳಲ್ಲೂ ಎಷ್ಟೋ ಬೋರ್ಡ್‌ಗಳು ಬಯಾಸ್ (ಆನ್ ಮಾಡಿದಾಗ ಬೋರ್ಡ್ ಮೊದಲು ಓಡಿಸುವ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ರೈಜನ್ 5000 ಸರಣಿಯನ್ನು ಒಪ್ಪಿಕೊಳ್ಳುತ್ತವೆ. ಇಂಟೆಲ್‌ನಲ್ಲಿ ಹಾಗಿಲ್ಲ. ನನ್ನ ಗೆಳೆಯನೊಬ್ಬ ಎಚ್110 ಬೋರ್ಡ್‌ಗೆ ಐ5-8400 ಕೊಳ್ಳಲು ಹೊರಟಿದ್ದ. "ಎರಡೂ ಎಲ್‌ಜಿಎ 1151 ಸಾಕೆಟ್ ಕಣೋ, ಕೂತ್ಕೊಳ್ಳುತ್ತೆ" ಅಂದ. ಕೂತ್ಕೊಳ್ಳುತ್ತದೆ ನಿಜ, ಆದರೆ ಕಂಪ್ಯೂಟರ್ ಆನ್ ಆಗುವುದಿಲ್ಲ. ಐ5-8400ರಂಥ ಎಂಟನೇ ಪೀಳಿಗೆಗೆ 300 ಸರಣಿಯ ಚಿಪ್‌ಸೆಟ್ಟೇ ಬೇಕು. ಸಾಕೆಟ್ ಹೆಸರು ನೋಡಿ ದುಡ್ಡು ಕೊಡಬೇಡಿ. ಬೋರ್ಡ್ ತಯಾರಕರ ಪ್ರೊಸೆಸರ್ ಪಟ್ಟಿಯಲ್ಲಿ ನಿಮ್ಮ ಬೋರ್ಡ್‌ನ ಮಾಡೆಲ್ ಹುಡುಕಿ. ಬೋರ್ಡ್ ಮೇಲೆ ಅಚ್ಚಾಗಿರುವ ರಿವಿಷನ್ ಸಂಖ್ಯೆಯನ್ನೂ ತಾಳೆ ನೋಡಿ.

ನಾನು ಆರಿಸಿಕೊಂಡಿದ್ದು ರೈಜನ್ 5 5600. ಆರು ಕೋರ್, ಹನ್ನೆರಡು ಥ್ರೆಡ್, ಗರಿಷ್ಠ ವೇಗ 4.4 ಗಿಗಾಹರ್ಟ್ಜ್. ವಿದ್ಯುತ್ತಿನ ಲೆಕ್ಕದಲ್ಲಿ ಹಳೆಯದರಂತೆಯೇ 65 ವ್ಯಾಟ್. ಇದು ನನಗೆ ಮುಖ್ಯವಾಗಿತ್ತು. ನನ್ನ ಬೋರ್ಡ್‌ನಲ್ಲಿ ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ಭಾಗಕ್ಕೆ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಇಲ್ಲ. ಎಂಟು ಕೋರ್‌ನ 105 ವ್ಯಾಟ್ ಪ್ರೊಸೆಸರ್ ಹಾಕಿ ಅದನ್ನು ಗಂಟೆಗಟ್ಟಲೆ ಬೇಯಿಸುವ ಆಸೆ ನನಗಿರಲಿಲ್ಲ. ಒಂದು ವಿಷಯ ಮರೆಯಬೇಡಿ, 5600ರಲ್ಲಿ ಗ್ರಾಫಿಕ್ಸ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪರದೆಯಲ್ಲಿ ಏನೂ ಬರುವುದಿಲ್ಲ.

ಬಯಾಸ್ ಅಪ್‌ಡೇಟ್ ಮಾಡಬೇಕಾದ್ದು ಹಳೆಯ ಪ್ರೊಸೆಸರ್ ಒಳಗಿರುವಾಗಲೇ. ನನ್ನ ಬೋರ್ಡ್ ಮೊದಲು ಒಂದು ನಡುವಿನ ಆವೃತ್ತಿ, ಆಮೇಲೆ ಕೊನೆಯದು ಎಂದು ಎರಡು ಹಂತ ಕೇಳಿತು. ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಿಂದ, ಯುಪಿಎಸ್‌ಗೆ ಜೋಡಿಸಿಕೊಂಡು ಮಾಡಿದೆ. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡೇ ಹೋದ ಹಾಗೆ. ಆ ನಾಲ್ಕು ನಿಮಿಷ ಕೀಬೋರ್ಡ್ ಹತ್ತಿರ ಕೈ ಕೂಡ ಒಯ್ಯಲಿಲ್ಲ.

ನನ್ನ ಎದೆ ಧಸಕ್ಕೆಂದಿದ್ದು ಕೂಲರ್ ತೆಗೆಯುವಾಗ. ಎಎಂ4 ಪ್ರೊಸೆಸರ್‌ನಲ್ಲಿ ಪಿನ್‌ಗಳು ಪ್ರೊಸೆಸರ್‌ನ ಅಡಿಯಲ್ಲೇ ಇರುತ್ತವೆ, 1,331 ಪಿನ್. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ವರ್ಷಗಳಿಂದ ಒಣಗಿ ಅಂಟಿನಂತೆ ಹಿಡಿದುಕೊಂಡಿರುತ್ತದೆ. ನೇರವಾಗಿ ಮೇಲಕ್ಕೆ ಎಳೆದರೆ ಸಾಕೆಟ್‌ನ ಕೊಂಡಿ ಹಾಕಿದ್ದರೂ ಪ್ರೊಸೆಸರ್ ಕೂಲರ್ ಜೊತೆಗೇ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಇದು ಗೊತ್ತಿದ್ದರಿಂದ ಮೊದಲು ಅರ್ಧ ಗಂಟೆ ಒಂದು ಎಕ್ಸ್‌ಪೋರ್ಟ್ ಓಡಿಸಿ ಪೇಸ್ಟ್ ಬಿಸಿ ಮಾಡಿದೆ. ಆಮೇಲೆ ಆಫ್ ಮಾಡಿ, ವೈರ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಡಬ್ಬಿಯ ಮುಚ್ಚಳ ತಿರುಗಿಸುವಂತೆ ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಐದಾರು ಸಲ ತಿರುಗಿಸಿದ ಮೇಲೆ ಚಟ್ ಅಂತ ಬಿಟ್ಟಿತು. ಪ್ರೊಸೆಸರ್ ಸಾಕೆಟ್ಟಿನಲ್ಲೇ ಉಳಿದಿತ್ತು!

ಹೊಸದನ್ನು ಮೂಲೆಯ ಚಿನ್ನದ ತ್ರಿಕೋನ ನೋಡಿಕೊಂಡು ಇಟ್ಟರೆ ಅದರಷ್ಟಕ್ಕೇ ಕೂರುತ್ತದೆ, ಒತ್ತಬಾರದು. ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇತ್ತು. ಒಂದು ನಿಮಿಷ ಸುಮ್ನೆ ಕಾದೆ. ಬೋರ್ಡ್ ಆಗ ರ‍್ಯಾಮ್‌ ಹೊಂದಿಸಿಕೊಳ್ಳುತ್ತಿರುತ್ತದೆ. ಬಳಿಕ ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ (ಭದ್ರತೆಯ ಕೀಗಳನ್ನು ಕಾಯುವ ವ್ಯವಸ್ಥೆ) ರೀಸೆಟ್ ಮಾಡಲೇ ಎಂಬ ಸಂದೇಶ ಬಂತು. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿರುವವರು ಇಲ್ಲಿ ಎಚ್ಚರವಾಗಿರಿ. ರಿಕವರಿ ಕೀ ಕೈಯಲ್ಲಿಲ್ಲದೆ ಹೌದು ಅಂದರೆ ನಿಮ್ಮ ಡಿಸ್ಕ್ ನಿಮಗೇ ತೆರೆಯುವುದಿಲ್ಲ. ನಾನು ಹಿಂದಿನ ದಿನವೇ ಬಿಟ್‌ಲಾಕರ್ ತೆಗೆದಿದ್ದೆ. ಅಪ್‌ಡೇಟ್ ಆದಾಗ ಬಯಾಸ್ ಸೆಟ್ಟಿಂಗ್‌ಗಳು ಅಳಿಸಿಹೋಗಿ ರ‍್ಯಾಮ್ ವೇಗ 2133ಕ್ಕೆ ಇಳಿದಿತ್ತು, ರ‍್ಯಾಮನ್ನು ಅದರ ಪೂರ್ಣ ವೇಗಕ್ಕೆ ತರುವ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡಿದ ಮೇಲೆ ಸರಿಹೋಯಿತು.

ಹಿಂದೆ ಹತ್ತಿರ ಹತ್ತಿರ ಗಂಟೆ ಹಿಡಿದಿದ್ದ ಅದೇ ಪಾಠವನ್ನು ಅದೇ ಸೆಟ್ಟಿಂಗ್‌ನಲ್ಲಿ ಮತ್ತೆ ಎಕ್ಸ್‌ಪೋರ್ಟ್‌ ಮಾಡಿದೆ. ಹದಿನೇಳು ನಿಮಿಷ. ನನಗಾದ ಖುಷಿ ಅಷ್ಟಿಷ್ಟಲ್ಲ. ವಿಂಡೋಸ್ 11 ಕೂಡ ತಕರಾರಿಲ್ಲದೆ ಕೂತಿತು.

ಇದನ್ನು ನೋಡಿದ ತಂಗಿ, "ಅಣ್ಣ, ನನ್ನದಕ್ಕೂ ಹೀಗೇ ಮಾಡಿಕೊಡು" ಅಂದಳು. ಅವಳದು ಐ5-4460, ಎಚ್81 ಬೋರ್ಡ್, ಡಿಡಿಆರ್3 ರ‍್ಯಾಮ್. ಆ ಸಾಕೆಟ್ಟಿಗೆ ಹೆಚ್ಚೆಂದರೆ ಸೆಕೆಂಡ್ ಹ್ಯಾಂಡ್ ಐ7-4790 ಹಾಕಬಹುದು. ಅದು ಕೂಡ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ಅವಳ ಕೆಲಸಕ್ಕೆ ವಿಂಡೋಸ್ 11 ಬೇಕೇಬೇಕು. ಆ ರ‍್ಯಾಮ್ ಈಗಿನ ಹೊಸ ಬೋರ್ಡ್‌ಗಳಿಗೆ ಬರುವುದಿಲ್ಲ. ಪವರ್ ಸಪ್ಲೈಗೂ ಹತ್ತು ವರ್ಷ ಆಗಿತ್ತು. ಅವಳಿಗೆ ಬೋರ್ಡ್, ಪ್ರೊಸೆಸರ್, ರ‍್ಯಾಮ್, ಪವರ್ ಸಪ್ಲೈ ನಾಲ್ಕನ್ನೂ ಹೊಸದಾಗಿ ತರಿಸಿದೆ. ಕ್ಯಾಬಿನೆಟ್, ಎಸ್‌ಎಸ್‌ಡಿ, ಮಾನಿಟರ್ ಹಳೆಯವೇ ಇವೆ.