ಫೋಟೋಗೆ ಕಾಫಿ ಎಲೆಯ ಆಕಾರ ಕೊಟ್ಟಿದ್ದು

ಕೊಡಗಿನ ಕಕ್ಕಬ್ಬೆ ಕಡೆಯ ಒಂದು ಹೋಮ್‌ಸ್ಟೇಗೆ ಆಂಡ್ರಾಯ್ಡ್ ಆ್ಯಪ್ ಮಾಡಿಕೊಡುತ್ತಿದ್ದೆ. ಮನೆಯ ಅಕ್ಕನದು ಒಂದೇ ಹಟ: "ಚೌಕ ಫೋಟೋ ಎಲ್ಲರ ಹತ್ರನೂ ಇದೆ. ನಮ್ದು ಕಾಫಿ ಎಲೆ ಥರ ಇರ್ಲಿ."

ದುಂಡಗೆ ಬೇಕು, ಮೂಲೆ ನುಣ್ಣಗೆ ಬೇಕು ಅಂದರೆ ಸುಲಭ. ವ್ಯೂಗೆ, ಅಂದರೆ ಪರದೆಯಲ್ಲಿ ಫೋಟೋ ಕೂರುವ ಚೌಕಕ್ಕೆ, ಔಟ್‌ಲೈನ್ (ಹೊರಗೆರೆ) ಕೊಟ್ಟು, ಅದರಾಚೆಯದನ್ನು ಕತ್ತರಿಸುವ ಕ್ಲಿಪ್‌ಟುಔಟ್‌ಲೈನ್ ಆನ್ ಮಾಡಿದರೆ ಮುಗೀತು. ಎಲೆಯಂಥ ಆಕಾರಕ್ಕೆ ಇದು ನಡೆಯುವುದು ಆಂಡ್ರಾಯ್ಡ್ 13ರಿಂದ ಮಾತ್ರ. ಬರುವವರ ಕೈಲಿ ಹಳೇ ಫೋನ್‌ಗಳೂ ಇರುತ್ತವಲ್ವಾ, ಆ ದಾರಿ ಬಿಟ್ಟೆ.

ತೋಟದಿಂದ ಒಂದು ರೊಬಸ್ಟಾ ಎಲೆ ಕಿತ್ತು ಗ್ರಾಫ್ ಹಾಳೆಯ ಮೇಲಿಟ್ಟು ಗೆರೆ ಎಳೆದೆ. ಅಂಚಿನ ಅಲೆಗಳನ್ನು ಪಾತ್‌ಗೆ, ಅಂದರೆ ಕೋಡ್‌ನಲ್ಲಿ ಬರೆಯುವ ಆಕಾರದ ಗೆರೆಗೆ, ತರಲಿಲ್ಲ. ಸಣ್ಣ ಪರದೆಯಲ್ಲಿ ಅವು ಹರಿದ ಕಾಗದದ ಹಾಗೆ ಕಾಣುತ್ತವೆ. ಎಡಕ್ಕೊಂದು, ಬಲಕ್ಕೊಂದು, ಬಾಗಿದ ಗೆರೆ ಎಳೆಯುವ ಕ್ಯೂಬಿಕ್‌ಟು ಸಾಕು. ಅಳತೆಯೆಲ್ಲ ಮೇಲಿನ ಎಡ ಮೂಲೆಯಿಂದ, ಅಗಲ, ಎತ್ತರದ ಪಾಲಿನಲ್ಲೇ: ತುದಿ 0.5, 0, ತೊಟ್ಟು 0.5, 1. ಬಲಭಾಗದ ಗೆರೆಯನ್ನು ತಮ್ಮತ್ತ ಎಳೆದು ಬಾಗಿಸುವ ಕಂಟ್ರೋಲ್ ಪಾಯಿಂಟ್‌ಗಳು 0.55, 0.25 ಮತ್ತು 1.5, 0.65. ಎರಡನೆಯದು ಚೌಕಟ್ಟಿನಿಂದ ಆಚೆಗಿದೆ, ಆದರೂ ಗೆರೆ ಒಳಗೇ ಬಾಗುತ್ತದೆ. ಮೊದಲನೆಯದು ನಡುಗೆರೆಗೆ ಅಂಟಿಕೊಂಡಂತೆ ಇರುವುದರಿಂದಲೇ ತುದಿ ಚೂಪಾಗುವುದು.

ಕ್ಯಾನ್ವಾಸ್‌ನಲ್ಲಿ ಕ್ಲಿಪ್‌ಪಾತ್ ಬರೆದು, ಅಂದರೆ ಪಾತ್‌ನ ಆಚೆಗೆ ಏನೂ ಮೂಡದಂತೆ ಮಾಡಿ, ಚಿತ್ರ ಹಾಕುವುದು ಎಲ್ಲರೂ ಹೇಳುವ ಉಪಾಯ. ಕೆಲಸ ಆಗುತ್ತದೆ, ಆದರೆ ಕೆಲವು ಫೋನ್‌ಗಳಲ್ಲಿ ಅಂಚು ಗರಗಸದ ಹಲ್ಲು. ಹಸಿರು ಫೋಟೋ ಬಿಳಿ ಹಿನ್ನೆಲೆಯ ಮೇಲೆ ಕೂತಾಗ ಇನ್ನೂ ಜಾಸ್ತಿ ಎದ್ದು ಕಾಣುತ್ತದೆ. ನನಗೆ ಹಿಡಿಸಿದ್ದು ಬಿಟ್‌ಮ್ಯಾಪ್‌ಶೇಡರ್. ಚಿತ್ರವನ್ನು ಕತ್ತರಿಸುವುದೇ ಇಲ್ಲ. ಅದನ್ನೇ ಬಣ್ಣ ಮಾಡಿ ಪೇಂಟ್‌ಗೆ ತುಂಬಿ, ಅಂಚಿನ ಹಲ್ಲು ನುಣ್ಣಗಾಗಿಸುವ ಆ್ಯಂಟಿಅಲಿಯಾಸ್ ಆನ್ ಮಾಡಿ, ಡ್ರಾಪಾತ್‌ನಲ್ಲಿ ಎಲೆ ಬರೆಯುವುದು. ಅಂಚು ನುಣ್ಣಗೆ ಬಂತು. ಪಾತ್, ಶೇಡರ್ ಎರಡನ್ನೂ ಪ್ರತಿ ಸಲ ವ್ಯೂ ಬರೆಯುವಾಗ ಓಡುವ ಆನ್‌ಡ್ರಾದಲ್ಲಿ ಕಟ್ಟಬೇಡಿ, ಸ್ಕ್ರಾಲ್ ಸುಮ್ನೆ ಜಗ್ಗುತ್ತದೆ. ಪಾತ್‌ಗೆ, ವ್ಯೂನ ಅಳತೆ ಬದಲಾದಾಗ ಓಡುವ ಆನ್‌ಸೈಜ್‌ಚೇಂಜ್ಡ್ ಸರಿಯಾದ ಜಾಗ. ಶೇಡರನ್ನು ಫೋಟೋ ಬದಲಾದಾಗ ಕಟ್ಟಿದರೆ ಸಾಕು.

ಚೌಕಟ್ಟು ತುಂಬುವಂತೆ ಫೋಟೋವನ್ನು ನಡುವಿಗೆ ಕೂರಿಸುವ ಇಮೇಜ್‌ವ್ಯೂನ ಸೆಂಟರ್‌ಕ್ರಾಪ್ ಶೇಡರ್‌ಗೆ ಗೊತ್ತಿಲ್ಲ. ಅಗಲ, ಎತ್ತರ ಎರಡೂ ತುಂಬುವಂತೆ ದೊಡ್ಡ ಸ್ಕೇಲ್ ಆರಿಸಿ ಹಿಗ್ಗಿಸುವ, ಸರಿಸುವ ಲೆಕ್ಕದ ಮ್ಯಾಟ್ರಿಕ್ಸ್ ನಾವೇ ಕೊಡಬೇಕು. ಇಲ್ಲದಿದ್ದರೆ ಚಿಕ್ಕ ಫೋಟೋದ ಕೊನೆಯ ಪಿಕ್ಸೆಲ್ ಸಾಲು ಗೆರೆಗೆರೆಯಾಗಿ ಎಳೆದುಕೊಳ್ಳುತ್ತದೆ. ಶೇಡರ್‌ನ ಕ್ಲ್ಯಾಂಪ್ ಅನ್ನೋ ಆಯ್ಕೆ ಮಾಡುವುದೇ ಅದನ್ನು. ಎಲೆಯ ಮೇಲ್ಭಾಗ ಸಪೂರ. ನಿಂತವರ ಫೋಟೋದಲ್ಲಿ ತಲೆಯೇ ಹೋಗುತ್ತದೆ. ಅದಕ್ಕೆ ಜನರಿರುವ ಫೋಟೋಗಳನ್ನು ಸ್ವಲ್ಪ ಕೆಳಕ್ಕೆ ಸರಿಸಿದೆ. ಪಂದಿ ಕರಿಯ ತಟ್ಟೆಗೆ ಈ ತಾಪತ್ರಯವಿಲ್ಲ.

ಇಷ್ಟಾದರೂ ಬೆರಳಿಗೆ ವ್ಯೂ ಚೌಕವೇ. ಎಲೆಯ ಆಚೆ ಖಾಲಿ ಮೂಲೆ ಮುಟ್ಟಿದರೂ ಫೋಟೋ ತೆರೆಯುತ್ತದೆ. ಅದೇ ಪಾತನ್ನು, ಪ್ರದೇಶ ಗುರುತಿಡುವ ರೀಜನ್‌ಗೆ ಕೊಟ್ಟು, ಮುಟ್ಟಿದ ಬಿಂದು ಒಳಗಿದೆಯಾ ಅಂತ ಕಂಟೇನ್ಸ್‌ನಿಂದ ನೋಡಿ, ಇಲ್ಲದಿದ್ದರೆ ಟಚ್ ಬಿಟ್ಟುಬಿಡುವಂತೆ ಮಾಡಿದೆ.