ಹೊಸ ಬೇಸ್ ಬೇಸೈತೇನು?

ನಮ್ಮ ಬಳ್ಳಾರಿ ಕಡೆ ‘ಬೇಸ್’ ಅಂದರೆ ಚೆನ್ನಾಗಿದೆ ಎಂದರ್ಥ. ಊಟ ಬೇಸೈತಿ, ಮಳಿ ಬೇಸಾತು. ಹೀಗಾಗಿ ರಸಮಂಜರಿ ತಂಡದಲ್ಲಿ ನಾನು ಬೇಸ್ ಗಿಟಾರ್ ಹಿಡಿದ ದಿನದಿಂದ ‘ಏನಪಾ, ಬೇಸ್ ಬೇಸೈತೇನು?’ ಎಂಬ ಚಾಷ್ಟಿ ತಪ್ಪಿಲ್ಲ. ಹೋದ ಬೇಸಿಗೆಯಲ್ಲಿ ಅಕ್ಕನ ಮಗ ಗಂಗಾವತಿಯಿಂದ ಉದ್ದನೆಯ ರಟ್ಟಿನ ಡಬ್ಬಿ ಹೊತ್ತು ಬಸ್ಸಿಳಿದಾಗ ನಾನೂ ಅದನ್ನೇ ಕೇಳಿದೆ. ಹುಡುಗ ನಗಲಿಲ್ಲ. ‘ಮಾಮಾ, ಹದಿನಾಲ್ಕು ಸಾವಿರ ಕೊಟ್ಟೀನಿ. ದಪ್ಪ ತಂತಿ ಟರ್ರ್ ಅಂತೈತಿ, ಒಂದ್ ಕಡಿ ಸ್ವರಾನ ಬರವಲ್ದು. ವಿಡಿಯೊ ನೋಡಿ ಕೀಲಿ ಹಾಕಿ ತಿರುವಿದೆ, ಇನ್ನಷ್ಟು ಕೆಟ್ಟತು’ ಎಂದ.

ಗಿಟಾರಿನ ಕತ್ತಿನ ಬಾಗು ಸರಿಪಡಿಸುವ ಈ ಕೀಲಿ ತಿರುವಿದ್ದು ತಪ್ಪಲ್ಲ, ಮೊದಲೇ ತಿರುವಿದ್ದು ತಪ್ಪು. ಅಗ್ಗದ ಬೇಸ್‌ನಲ್ಲಿ ಕಾಣುವ ತೊಂದರೆಗಳಲ್ಲಿ ಕೆಲವು ನಾವೇ ಹದ ಮಾಡಿಕೊಳ್ಳುವಂಥವು, ಕೆಲವು ರಿಪೇರಿ ಬೇಡುವಂಥವು, ಕೆಲವು ಮಾತ್ರ ‘ನಿಮ್ಮದು ನಿಮಗೇ ಇರಲಿ’ ಎಂದು ವಾಪಸು ಕಳಿಸುವಂಥವು. ಈ ಮೂರನೆಯದನ್ನು ಮೊದಲು ಹುಡುಕಬೇಕು. ವಾಪಸಾತಿಯ ಗಡುವು ಇರುವುದು ಕೆಲವೇ ದಿನ. ಸ್ಕ್ರೂ ಬಿಚ್ಚಿದ ಗುರುತು ಕಂಡರೆ ಮಾರಿದವರಿಗೆ ಅದೇ ಒಂದು ನೆಪ.

ಈಗಿನ ಕಾರ್ಖಾನೆಗಳಲ್ಲಿ ಮರ ಕೊರೆಯುವುದು ಕಂಪ್ಯೂಟರ್ ಯಂತ್ರ. ಹಾಗಾಗಿ ಅಗ್ಗದ ವಾದ್ಯದ ಆಕಾರದಲ್ಲಿ ಅಂಥ ಲೋಪ ಇರುವುದಿಲ್ಲ. ಉಳಿತಾಯ ಮಾಡುವುದು ಕೊನೆಯ ಕೈಕೆಲಸದಲ್ಲಿ: ಫ್ರೆಟ್‌ಗಳನ್ನು (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳು) ಒಂದೇ ಮಟ್ಟಕ್ಕೆ ಉಜ್ಜುವುದು, ನಟ್‌ನಲ್ಲಿ (ತಲೆಯ ಬುಡದಲ್ಲಿ ತಂತಿಗಳು ಹಾಯುವ ಪಟ್ಟಿ) ತಂತಿ ಕೂರುವ ಸೀಳು ಕೊರೆಯುವುದು, ಒಳಗಿನ ಬೆಸುಗೆ, ಹೊರಡುವ ಮೊದಲಿನ ಹೊಂದಾಣಿಕೆ. ನಮ್ಮ ಕಣ್ಣು ಹೋಗಬೇಕಾದದ್ದೂ ಅಲ್ಲಿಗೇ.

ಡಬ್ಬಿ ಬಂದ ದಿನ

ಡಬ್ಬಿಯ ಟೇಪ್ ಕತ್ತರಿಸುವ ಮೊದಲೇ ಮೊಬೈಲ್ ವಿಡಿಯೊ ಶುರು ಮಾಡಿ. ವಿಳಾಸದ ಚೀಟಿ, ಡಬ್ಬಿಯ ಮೂಲೆಗಳು, ವಾದ್ಯದ ಸೀರಿಯಲ್ ನಂಬರ್ ಎಲ್ಲವೂ ಒಂದೇ ವಿಡಿಯೊದಲ್ಲಿ ಇರಲಿ, ನಡುವೆ ನಿಲ್ಲಿಸಬೇಡಿ. ರಟ್ಟು, ಥರ್ಮೊಕೋಲ್ ಬಿಸಾಡಬೇಡಿ, ವಾಪಸು ಕಳಿಸಲು ಅವೇ ಬೇಕು.

ಆಮೇಲೆ ಒಂದು ರಾತ್ರಿ ಸುಮ್ಮನೆ ಬಿಡಿ. ಈ ಮಾತು ಯಾರಿಗೂ ಹಿಡಿಸುವುದಿಲ್ಲ, ನನ್ನ ಅಳಿಯನಿಗೂ ಹಿಡಿಸಿರಲಿಲ್ಲ. ಆದರೆ ಇಂಡೋನೇಷ್ಯಾದಂಥ ತೇವದ ನಾಡಿನಲ್ಲಿ ತಯಾರಾದ ಮರ, ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲಿ ಲಾರಿಯೊಳಗೆ ಬೆಂದು ಬಂದಿರುತ್ತದೆ. ಮನೆಯ ಹವೆಗೆ ಹೊಂದಿಕೊಳ್ಳಲು ಅದಕ್ಕೂ ಹೊತ್ತು ಬೇಕು. ಕೂಲರ್ ಎದುರಿಗಾಗಲಿ ಕಿಟಕಿಯ ಬಿಸಿಲಿಗಾಗಲಿ ಇಡಬೇಡಿ. ಒಳಗೋಡೆಗೆ ಒರಗಿಸಿಟ್ಟರೆ ಸಾಕು.

ಕೀಲಿ ಮುಟ್ಟದೆ ನೋಡುವುದು

ಮರುದಿನ ತಂತಿಗಳನ್ನು, ದಪ್ಪದಿಂದ ತೆಳುವಿಗೆ, ಇ, ಎ, ಡಿ, ಜಿ ಸ್ವರಕ್ಕೆ ಶ್ರುತಿ ಮಾಡಿ. ದಪ್ಪನೆಯ ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಇಷ್ಟು ತಗ್ಗಿನ ಸ್ವರವನ್ನು ಮೊಬೈಲಿನ ಪುಟ್ಟ ಮೈಕು ಸರಿಯಾಗಿ ಹಿಡಿಯದೆ ಟ್ಯೂನರ್ ಆ್ಯಪ್‌ನ ಮುಳ್ಳು ಅತ್ತಿತ್ತ ಹೊಯ್ದಾಡುತ್ತದೆ. ಅದನ್ನು ವಾದ್ಯದ ದೋಷ ಎಂದುಕೊಂಡು ಬಂದವರನ್ನು ನಾನು ನೋಡಿದ್ದೇನೆ. ಹನ್ನೆರಡನೇ ಫ್ರೆಟ್‌ನ ನೇರಕ್ಕೆ ತಂತಿಯನ್ನು ಒತ್ತದೆ, ಬೆರಳು ಸೋಕಿಸಿ ಮೀಟಿದರೆ ಒಂದು ಸ್ಥಾಯಿ ಮೇಲಿನ ಗಂಟೆನಾದ ಬರುತ್ತದಲ್ಲ, ಆ್ಯಪ್‌ಗೆ ಅದನ್ನು ಕೇಳಿಸಿ.

ಶ್ರುತಿಯಾದ ನಾಲ್ಕೂ ತಂತಿ ಸೇರಿ ನೆಕ್ ಅನ್ನು, ಅಂದರೆ ಗಿಟಾರಿನ ಕತ್ತನ್ನು, ಹೆಚ್ಚು ಕಡಿಮೆ 75–80 ಕೆ.ಜಿ. ಬಲದಲ್ಲಿ ಎಳೆಯುತ್ತಿರುತ್ತವೆ. ಅಕ್ಕಿ ಮೂಟೆಯ ಲೆಕ್ಕದಲ್ಲಿ ಹೇಳುವುದಾದರೆ 25 ಕೆ.ಜಿ.ಯ ಮೂರು. ಆ ಎಳೆತದಲ್ಲಿದ್ದಾಗಲೇ ಪರೀಕ್ಷೆ ನಡೆಯಬೇಕು, ಸಡಿಲ ತಂತಿಯಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ.

ವಾದ್ಯದ ತಲೆಯನ್ನು ಕಣ್ಣಿನ ಹತ್ತಿರ ಹಿಡಿದು, ಬಡಗಿ ಹಲಗೆ ನೋಡುವಂತೆ ಒಂದು ಕಣ್ಣು ಮುಚ್ಚಿ ನೆಕ್‌ನ ಎರಡೂ ಅಂಚುಗಳನ್ನು ನೋಡಿ. ಸ್ವಲ್ಪ ಮುಂದಕ್ಕೆ ಬಾಗಿದ್ದರೆ ಚಿಂತೆಯಿಲ್ಲ. ಒಂದು ಅಂಚು ಬಾಗಿ ಇನ್ನೊಂದು ನೇರವಾಗಿದ್ದರೆ ನೆಕ್ ತಿರುಚಿಕೊಂಡಿದೆ. ಅದನ್ನು ಸರಿಮಾಡುವ ಖರ್ಚು ವಾದ್ಯದ ಬೆಲೆಯ ಹತ್ತಿರಕ್ಕೇ ಬರುತ್ತದೆ. ಮತ್ತೇನನ್ನೂ ನೋಡುವ ಅಗತ್ಯವಿಲ್ಲ, ಡಬ್ಬಿಗೆ ತುಂಬಿ.

ಅಂಚಿನ ಎರಡು ತಂತಿಗಳು ನೆಕ್‌ನ ಅಂಚಿನಿಂದ ಒಂದೇ ಸಮ ದೂರದಲ್ಲಿವೆಯೇ? ಜಿ ತಂತಿ ತೀರಾ ಅಂಚಿಗೆ ಸರಿದು, ಒತ್ತಿದಾಗ ಜಾರಿ ಬೀಳುವಂತಿದ್ದರೆ ನೆಕ್ ತನ್ನ ಗೂಡಿನಲ್ಲಿ ಓರೆಯಾಗಿ ಕೂತಿದೆ. ಇದು ಹಲವು ಸಲ ಹಿಂದಿನ ನಾಲ್ಕು ಸ್ಕ್ರೂಗಳನ್ನು ಒಂದಿಷ್ಟು ಸಡಿಲಿಸಿ ನೆಕ್ ಸರಿಸಿ ಬಿಗಿದರೆ ಸರಿಹೋಗುತ್ತದೆ. ಹಾಗಿದ್ದರೂ ಮೊದಲು ಫೋಟೊ ತೆಗೆದಿಡಿ.

ಈಗ ಫ್ರೆಟ್‌ಗಳ ಸರದಿ. ಇದಕ್ಕೆ ಹೊತ್ತು ಕೊಡಿ. 1951ರಲ್ಲಿ ಲಿಯೋ ಫೆಂಡರ್ ತಂದ ಬೇಸ್‌ಗೆ ‘ಪ್ರಿಸಿಷನ್’ ಎಂಬ ಹೆಸರು ಬಂದದ್ದೇ ಫ್ರೆಟ್‌ಗಳಿಂದ. ಅಲ್ಲಿಯವರೆಗಿನ ಆಳೆತ್ತರದ ಡಬಲ್ ಬೇಸ್‌ನಲ್ಲಿ ಸ್ವರದ ಜಾಗವನ್ನು ಕಿವಿಯಿಂದಲೇ ಹುಡುಕಬೇಕಿತ್ತು, ಫ್ರೆಟ್ ಬಂದ ಮೇಲೆ ಸ್ವರ ಕರಾರುವಾಕ್ಕಾಯಿತು. ಆ ಫ್ರೆಟ್‌ಗಳಲ್ಲಿ ಒಂದು ಕೂದಲೆಳೆಯಷ್ಟು ಎದ್ದಿದ್ದರೂ ಅದರ ಹಿಂದಿನ ಮನೆಯ (ಎರಡು ಫ್ರೆಟ್ ನಡುವೆ ಬೆರಳೊತ್ತುವ ಜಾಗ) ಸ್ವರ ಸತ್ತಂತೆ.

ಎದ್ದ ಫ್ರೆಟ್ ಹುಡುಕಲು ದುಬಾರಿ ಉಪಕರಣ ಬೇಡ, ಹಳೆಯ ಎಟಿಎಂ ಕಾರ್ಡ್ ಸಾಕು. ತಂತಿಗಳ ನಡುವೆ ಕಾರ್ಡನ್ನು ನಿಲ್ಲಿಸಿ, ಅದರ ಅಂಚು ಮೂರೇ ಮೂರು ಫ್ರೆಟ್‌ಗಳ ಮೇಲೆ ಕೂರುವಂತೆ ಇಟ್ಟು ಎರಡೂ ತುದಿಯನ್ನು ಒತ್ತಿ ನೋಡಿ. ಕಟಕಟ ಎಂದು ತೂಗಿದರೆ ನಡುವಿನ ಫ್ರೆಟ್ ಎದ್ದಿದೆ. ಎರಡನೇ ಫ್ರೆಟ್‌ನಿಂದ ಕಾರ್ಡಿನ ಉದ್ದದ ಅಂಚು ಸರಿಹೊಂದುತ್ತದೆ, ಹತ್ತನೆಯದರಿಂದ ಗಿಡ್ಡ ಅಂಚು. ಮೊದಲ ಮೂರಕ್ಕೆ ಮಾತ್ರ ಕಾರ್ಡ್ ಕೊಂಚ ಸಾಲದು, ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಟೀಲ್ ಪಟ್ಟಿ ಹಿಡಿಯಿರಿ. ಪ್ರತಿ ಫ್ರೆಟ್ಟನ್ನೂ ಎರಡು ಕಡೆ, ಇ ತಂತಿಯ ಬದಿ ಮತ್ತು ಜಿ ತಂತಿಯ ಬದಿ, ಪರೀಕ್ಷಿಸಿ. ಅಳಿಯನ ಗಿಟಾರಿನಲ್ಲಿ ಏಳನೇ ಫ್ರೆಟ್ ದಪ್ಪ ತಂತಿಯ ಕಡೆ ಕಟಕಟ ಎಂದಿತು. ಆರನೆಯದರಲ್ಲಿ ಸ್ವರ ಬಾರದ್ದು ಏಕೆಂದು ಇಬ್ಬರಿಗೂ ಅಲ್ಲೇ ತಿಳಿಯಿತು.

ಒಂದು ಎಚ್ಚರಿಕೆ. ಜಿ ತಂತಿಯ ಐದು, ಆರು, ಏಳನೇ ಫ್ರೆಟ್‌ಗಳ ಆಸುಪಾಸಿನಲ್ಲಿ ಸ್ವರ ಹುಟ್ಟಿ ಬೇಗ ಅಡಗುತ್ತಿದ್ದರೆ, ಆದರೆ ಟರ್ರ್ ಎನ್ನದಿದ್ದರೆ, ಅದು ಫ್ರೆಟ್‌ನ ತಪ್ಪಲ್ಲ. ನೆಕ್‌ನ ಮರ ಆ ಕಂಪನವನ್ನು ನುಂಗುತ್ತದೆ. ಲಕ್ಷ ರೂಪಾಯಿಯ ಬೇಸ್‌ಗಳಲ್ಲೂ ಇದಿದೆ, ಅದಕ್ಕಾಗಿ ಜಗಳಕ್ಕೆ ಹೋಗಬೇಡಿ.

ಗುಂಯ್ ಎನ್ನುವುದು ಯಾರು?

ವಿದ್ಯುತ್ ಭಾಗ ಪರೀಕ್ಷಿಸುವ ಮೊದಲು ಕೇಬಲ್ ಬದಲಿಸಿ. ನನ್ನ ಹತ್ತಿರ ಬರುವ ‘ಪಿಕಪ್ (ತಂತಿಯ ಕಂಪನ ಹಿಡಿಯುವ ಕಾಂತದ ಭಾಗ) ಹೋಗೈತಿ’ ದೂರುಗಳಲ್ಲಿ ಎಷ್ಟೋ ಕೇಬಲ್‌ನವೇ. ಸಣ್ಣ ಗಿಟಾರ್ ಆ್ಯಂಪ್‌ಗೆ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಬೇಸ್ ಜೋಡಿಸಿ ಜೋರು ಮಾಡಿದಾಗ ಬರುವ ಬಿರುಕು ಸದ್ದು ಆ ಸ್ಪೀಕರ್‌ನ ನರಳಾಟ, ವಾದ್ಯದ್ದಲ್ಲ.

ತಂತಿ ಮುಟ್ಟದೆ ಇದ್ದಾಗ ಗುಂಯ್ ಎಂದು, ಮುಟ್ಟಿದೊಡನೆ ತಗ್ಗಿದರೆ ಒಳಗಿನ ಗ್ರೌಂಡ್ ಸರಿಯಾಗಿಯೇ ಇದೆ. ಮುಟ್ಟಿದರೂ ಹಾಗೇ ಇದ್ದರೆ, ಅಥವಾ ಹೆಚ್ಚಾದರೆ, ಬ್ರಿಡ್ಜ್‌ಗೆ (ತಂತಿಗಳ ಕೆಳತುದಿ ಹಿಡಿಯುವ ಲೋಹದ ಭಾಗ) ಹೋಗುವ ವೈರ್ ಬಿಟ್ಟುಹೋಗಿರಬಹುದು. ಎರಡು ಸಿಂಗಲ್ ಕಾಯಿಲ್ (ಒಂದೇ ತಂತಿಸುರುಳಿಯ) ಪಿಕಪ್‌ಗಳ ಬೇಸ್‌ನಲ್ಲಿ ಒಂದರ ವಾಲ್ಯೂಮ್ ಇಳಿಸಿದಾಗ ಗುಂಯ್ ಹೆಚ್ಚಿ, ಎರಡನ್ನೂ ಪೂರ್ತಿ ತೆರೆದಾಗ ಮಾಯವಾಗುವುದು ಅದರ ರಚನೆಯ ಗುಣ. ಗುಂಡಿ ತಿರುವುವಾಗ ಬರುವ ಕರಕರ ಸದ್ದು ದೂಳಿನದು. ಇಪ್ಪತ್ತು ಸಲ ಆಚೀಚೆ ತಿರುವಿ, ಹೋಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆಸಿ. ಕೇಬಲ್ ಚುಚ್ಚುವ ಜ್ಯಾಕ್ ಸಡಿಲವಿದ್ದರೆ ಹೊರಗಿನ ನಟ್ಟನ್ನಷ್ಟೇ ಬಿಗಿಯಬೇಡಿ, ಒಳಗೆ ಜ್ಯಾಕ್ ಸಮೇತ ತಿರುಗಿ ವೈರ್ ಕಿತ್ತುಬರುತ್ತದೆ. ಒಳಗಿನಿಂದ ಒಂದು ಕೈಯಲ್ಲಿ ಹಿಡಿದೇ ಬಿಗಿಯಬೇಕು. ಒಂಬತ್ತು ವೋಲ್ಟಿನ ಬ್ಯಾಟರಿ ಇರುವ ಮಾದರಿಯಾದರೆ, ನುಡಿಸದಾಗ ಕೇಬಲ್ ಕಿತ್ತಿಡಿ. ಪಿನ್ ಒಳಗಿದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಇನ್ನೊಂದು ಮಾತು, ಇದು ತಮಾಷೆಯಲ್ಲ. ತಂತಿಗಳು ಬ್ರಿಡ್ಜ್ ಮೂಲಕ, ಕೇಬಲ್ ಮೂಲಕ ಆ್ಯಂಪ್‌ನ ಲೋಹದ ಪೆಟ್ಟಿಗೆಗೆ ಸೇರಿರುತ್ತವೆ. ಜಾತ್ರೆಯ ವೇದಿಕೆಗಳಲ್ಲಿ ಮೂರನೇ ಪಿನ್ ಮುರಿದು ಎರಡೇ ಪಿನ್ನಿನಲ್ಲಿ ಆ್ಯಂಪ್ ನಡೆಸುವವರಿದ್ದಾರೆ. ಅಂಥಲ್ಲಿ ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿಸಿದರೆ ಶಾಕ್ ಹೊಡೆಯಬಹುದು, ಜೀವಕ್ಕೂ ಕುತ್ತಾಗಬಹುದು. ಅರ್ಥಿಂಗ್ ಇಲ್ಲದ ಜಾಗದಲ್ಲಿ ಪರೀಕ್ಷೆಯೂ ಬೇಡ, ಕಾರ್ಯಕ್ರಮವೂ ಬೇಡ.

ಈಗ ಕೀಲಿ ಹಿಡಿಯಿರಿ

ಇಲ್ಲಿಯವರೆಗೆ ವಾದ್ಯ ಪಾಸಾಗಿದ್ದರೆ ಉಳಿದದ್ದು ಹೊಂದಾಣಿಕೆ. ಟರ್ರ್ ಸದ್ದು ಎಲ್ಲಿ ಬರುತ್ತದೆ ಎಂಬುದೇ ಸುಳಿವು ಕೊಡುತ್ತದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲೆಲ್ಲ ಬಂದರೆ ನೆಕ್ ಅತಿ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ. ಹನ್ನೆರಡರಿಂದ ಆಚೆ ಬಂದರೆ ತಂತಿ ತೀರಾ ತಗ್ಗಿದೆ ಅಥವಾ ನೆಕ್ ಮುಂದಕ್ಕೆ ಹೆಚ್ಚು ಬಾಗಿದೆ. ಒಂದೇ ಮನೆಯಲ್ಲಿ ಬಂದರೆ ಮತ್ತೆ ಎಟಿಎಂ ಕಾರ್ಡ್.

ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ಗಿಟಾರಿನ ಒಡಲಿಗೆ ಸೇರುವ ಜಾಗದ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ. ಒಬ್ಬರ ಕೈಗೆ ಎಟುಕದಿದ್ದರೆ ಮನೆಯಲ್ಲಿ ಯಾರನ್ನಾದರೂ ಕರೆಯಿರಿ. ಏಳನೇ ಫ್ರೆಟ್‌ನ ಮೇಲೆ, ತಂತಿಯ ಕೆಳಗೆ ಸುಮಾರು 0.3 ಮಿ.ಮೀ. ಸಂದು ಇರಬೇಕು. ಬೈಕ್ ಮೆಕ್ಯಾನಿಕ್‌ಗಳ ಹತ್ತಿರ ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ ಇರುತ್ತದೆ, ಒಂದು ಚಹಾ ಕುಡಿಸಿ ಕೇಳಿ. ಇಲ್ಲದಿದ್ದರೆ ವಿಸಿಟಿಂಗ್ ಕಾರ್ಡ್ ತೂರಿಸಿ, ತಂತಿಯನ್ನು ಎತ್ತದೆ ಸವರಿಕೊಂಡು ಹೋದರೆ ಸರಿ.

ಸಂದು ಹೆಚ್ಚಿದ್ದರೆ ಟ್ರಸ್ ರಾಡ್‌ನ (ನೆಕ್‌ನೊಳಗಿನ ಲೋಹದ ಸಲಾಕೆ) ನಟ್ಟನ್ನು ಬಲಕ್ಕೆ, ಸಂದೇ ಇಲ್ಲದಿದ್ದರೆ ಎಡಕ್ಕೆ. ಕಾಲು ಸುತ್ತು ಮಾತ್ರ. ಮತ್ತೆ ಶ್ರುತಿ ಮಾಡಿ, ಸಾಧ್ಯವಾದರೆ ಮರುದಿನ ನೋಡಿ. ವಾದ್ಯದ ಜೊತೆ ಬಂದ ಕೀಲಿಯನ್ನೇ ಬಳಸಿ, ಇಂಚಿನ ನಟ್‌ಗೆ ಮಿಲಿಮೀಟರ್ ಕೀಲಿ ಹಾಕಿದರೆ ಒಳಗಿನ ಮೂಲೆ ಸವೆದು ಮುಂದೆ ಯಾವ ಕೀಲಿಯೂ ಹಿಡಿಯುವುದಿಲ್ಲ. ಗಟ್ಟಿಯಾಗಿ ಕೂತಿದ್ದರೆ ಬಲ ಹಾಕದೆ ನಿಲ್ಲಿಸಿ. ನನ್ನ ಅಳಿಯ ಒಂದೇ ಸಲಕ್ಕೆ ಮುಕ್ಕಾಲು ಸುತ್ತು ಬಲಕ್ಕೆ ತಿರುವಿದ್ದ. ಎಡಕ್ಕೆ ಬಿಟ್ಟು ಎರಡು ದಿನ ಕಾದೆವು, ಮೊದಲ ಫ್ರೆಟ್‌ಗಳ ಸದ್ದೆಲ್ಲ ಹೋಯಿತು, ಏಳನೆಯದರ ಕಾಟ ಮಾತ್ರ ಉಳಿಯಿತು.

ನೆಕ್ ಆದ ಮೇಲೆಯೇ ತಂತಿಯ ಎತ್ತರ. ಹನ್ನೆರಡನೇ ಫ್ರೆಟ್‌ನ ಮೇಲೆ ಇ ತಂತಿಯ ಕೆಳಗೆ ಎರಡೂವರೆ, ಜಿ ಕೆಳಗೆ ಎರಡು ಮಿ.ಮೀ. ಇದ್ದರೆ ಹೊಸಬರಿಗೆ ಹಿತ. ಇಲ್ಲೂ ಎಟಿಎಂ ಕಾರ್ಡೇ ಅಳತೆ: ಒಂದರ ದಪ್ಪ 0.76 ಮಿ.ಮೀ., ಅಂಕಿ ಉಬ್ಬಿರದ ಮೂರು ಕಾರ್ಡ್ ಜೋಡಿಸಿದರೆ 2.3. ಬ್ರಿಡ್ಜ್‌ನಲ್ಲಿ ಒಂದೊಂದು ತಂತಿ ಕೂರುವ ಸ್ಯಾಡಲ್‌ಗಳ ಪುಟ್ಟ ಸ್ಕ್ರೂ ತಿರುವಿ ಏರಿಸಿ, ಇಳಿಸಿ.

ತಲೆಯ ಬುಡದ ನಟ್‌ನ ಸೀಳಿನ ಆಳ ಸಾಲದಿದ್ದರೆ ಮೊದಲ ಫ್ರೆಟ್ ಒತ್ತಲು ಕಷ್ಟ, ಸ್ವರವೂ ಏರುತ್ತದೆ. ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದಾಗ ಮೊದಲನೆಯದರ ಮೇಲೆ ಕಾಗದದಷ್ಟು ಸಂದು ಇದ್ದರೆ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಅರ ಹಿಡಿದು ನೀವೇ ಕೊರೆಯಬೇಡಿ, ಒಂದು ಉಜ್ಜು ಹೆಚ್ಚಾದರೆ ನಟ್ಟೇ ಹೊಸದು ಬೇಕು.

ಕೊನೆಗೆ ಸ್ವರಶುದ್ಧಿ. ಹನ್ನೆರಡರ ಗಂಟೆನಾದವನ್ನೂ ಅಲ್ಲೇ ಒತ್ತಿದ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ನೆಕ್ ಕಡೆಗೆ. ಕಾರ್ಖಾನೆಯ ತುಕ್ಕು ತಂತಿಯಲ್ಲಿ ಈ ಕೆಲಸ ವ್ಯರ್ಥ, ಹೊಸ ತಂತಿ ಹಾಕಿಯೇ ಮಾಡಿ.

ಬಿಸಿಲೂರಿನ ಕಾಯಿಲೆ

ನೆಕ್‌ನ ಅಂಚಿನುದ್ದ ಅಂಗೈ ಸವರಿದಾಗ ಗರಗಸದಂತೆ ಗೀರಿದರೆ ಫ್ರೆಟ್‌ಗಳು ಉದ್ದವಾಗಿಲ್ಲ, ಮರ ಕುಗ್ಗಿದೆ. ಒಣಹವೆಯಲ್ಲಿ ಮರ ಅಡ್ಡಗಲದಲ್ಲಿ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ನಮ್ಮ ಮನೆಗಳ ಬಾಗಿಲು ಬೇಸಿಗೆಯಲ್ಲಿ ಸಡಿಲಾಗಿ ಮಳೆಗಾಲದಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳುವುದೂ ಇದೇ ಲೆಕ್ಕ. ರಾಯಚೂರು, ಬಳ್ಳಾರಿಯವರಿಗೆ ಇದು ತಪ್ಪಿದ್ದಲ್ಲ. ರಕ್ತ ಬರುವಷ್ಟು ಚೂಪಿದ್ದರೆ ವಾಪಸು ಕೊಡಿ. ಸಣ್ಣದಾದರೆ ಅಂಚಿಗೆ ಟೇಪ್ ಅಂಟಿಸಿ ನಯವಾದ ಅರದಿಂದ ತುದಿಗಳನ್ನಷ್ಟೇ ಓರೆಯಾಗಿ ಉಜ್ಜಬಹುದು. ಏಪ್ರಿಲ್‌ನಲ್ಲಿ ಒಮ್ಮೆ ಉಜ್ಜಿದರೆ ಮತ್ತೆ ಆ ಕಾಟ ಇರುವುದು ಕಡಿಮೆ.

ಮಾರಿದವರು ಒಪ್ಪದಿದ್ದರೆ

ಅಳಿಯನ ಅಂಗಡಿಯವರು ಮೊದಲು ‘ಇದು ಸೆಟಪ್ ಸಮಸ್ಯೆ’, ಅಂದರೆ ಬರೀ ಹೊಂದಾಣಿಕೆಯದು, ಎಂದರು. ಫೋಟೊಗಳಿಗೆ ಬಗ್ಗಲಿಲ್ಲ. ಕಾರ್ಡ್ ತೂಗುವ ಸದ್ದು, ಆರನೇ ಫ್ರೆಟ್‌ನ ಸತ್ತ ಸ್ವರ, ಐದರ ಸರಿಯಾದ ಸ್ವರ ಮೂರನ್ನೂ ಅರ್ಧ ನಿಮಿಷದ ವಿಡಿಯೊದಲ್ಲಿ ಕಳಿಸಿದ ಮೇಲೆ ಬದಲಿ ಕೊಡಲು ಒಪ್ಪಿದರು. ಮಾತು ಬರಹದಲ್ಲಿರಲಿ, ಫೋನಿನಲ್ಲಿ ಬೇಡ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಮಾರಿದವರು ಯಾವ ಊರಿನವರಾದರೂ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದಾವೆ ಹೂಡಲು ಅವಕಾಶವಿದೆ. ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ.

ಬದಲಿಯಾಗಿ ಬಂದ ಬೇಸ್‌ನ ಫ್ರೆಟ್ ಎಲ್ಲ ಸಮ. ಆದರೆ ಒಂದು ಬಿರಡೆಯ ಸ್ಕ್ರೂ ಸುಮ್ಮನೆ ತಿರುಗುತ್ತಿತ್ತು, ಮರದಲ್ಲಿ ಹಿಡಿತವೇ ಇರಲಿಲ್ಲ. ‘ಇದನ್ನೂ ಕಳಸೂಣೇನ್ರಿ ಮಾಮಾ?’ ಎಂದ. ಬೆಂಕಿಕಡ್ಡಿಯ ಮದ್ದು ಮುರಿದು, ಕಡ್ಡಿಗೆ ಫೆವಿಕಾಲ್ ಹಚ್ಚಿ ತೂತಿಗೆ ತುರುಕಿ, ರಾತ್ರಿ ಒಣಗಲು ಬಿಟ್ಟು ಬೆಳಿಗ್ಗೆ ಸ್ಕ್ರೂ ಹಾಕಿದೆವು. ಗಂಗಾವತಿ ಬಸ್ ಹತ್ತುವಾಗ ಅವನ ಜೇಬಿನಲ್ಲಿ ನನ್ನದೇ ಒಂದು ವಿಸಿಟಿಂಗ್ ಕಾರ್ಡ್ ಇಟ್ಟೆ. ಮೊದಲ ಮಳೆ ಬಿದ್ದ ವಾರ ಏಳನೇ ಫ್ರೆಟ್ ಹತ್ತಿರ ಮತ್ತೊಮ್ಮೆ ತೂರಿಸಿ ನೋಡು ಎಂದೆ.