ಇಂಟರ್ನ್‌ಶಿಪ್‌ಗೆ ಸೇರುವವರೇ, ಪಾಸ್‌ವರ್ಡ್ ಜೋಪಾನ

ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಇಂಟರ್ನ್ ಆಗಿ ಸೇರುತ್ತಿರುವವರಿಗೆ ಒಂದು ಮಾತು. ಹತ್ತು ಜನರ ಆಫೀಸಿನಲ್ಲಿ ಮೊದಲ ವಾರವೇ ಅಸಲಿ ಸರ್ವರ್‌ನ ಪಾಸ್‌ವರ್ಡ್, ಎಪಿಐ ಕೀ (ಒಂದು ಪ್ರೋಗ್ರಾಂ ಇನ್ನೊಂದು ಸೇವೆಯನ್ನು ಬಳಸಲು ಬೇಕಾದ ಗುಟ್ಟಿನ ಸಂಕೇತ) ನಿಮ್ಮ ಕೈಗೆ ಬಂದುಬಿಡಬಹುದು. ಅವನ್ನು ಕೋಡ್ ಒಳಗೆ ಬರೆಯಲೇಬೇಡಿ. ಇಂಥವನ್ನು ಕೋಡ್‌ನಿಂದ ಬೇರೆಯಾಗಿಡುವ ಡಾಟ್ ಇಎನ್‌ವಿ (.env) ಫೈಲಿನಲ್ಲಿಟ್ಟು, ಮೊದಲ ಕಮಿಟ್‌ಗೂ (ಕೋಡ್‌ನ ಬದಲಾವಣೆಗಳನ್ನು ಗಿಟ್ ಎಂಬ ಸಾಧನದಲ್ಲಿ ದಾಖಲಿಸುವುದು) ಮುಂಚೆಯೇ ಆ ಫೈಲಿನ ಹೆಸರನ್ನು ಗಿಟ್‌ಇಗ್ನೋರ್‌ಗೆ, ಅಂದರೆ ಗಿಟ್ ಕೈಬಿಡಬೇಕಾದ ಫೈಲುಗಳ ಪಟ್ಟಿಗೆ, ಸೇರಿಸಿ.

ಅಕಸ್ಮಾತ್ ಪಾಸ್‌ವರ್ಡ್ ಅಥವಾ ಕೀ ಗಿಟ್‌ಹಬ್‌ಗೆ (ಕೋಡ್ ಇಡುವ ಆನ್‌ಲೈನ್ ತಾಣ) ಪುಶ್ ಆಗಿಹೋದರೆ, ಅಂದರೆ ಅಪ್‌ಲೋಡ್ ಆಗಿಬಿಟ್ಟರೆ, ಆ ಸಾಲು ಅಳಿಸಿ ಮತ್ತೆ ಕಮಿಟ್ ಮಾಡಿದರೆ ಸಾಲದು. ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಉಳಿದಿರುತ್ತದೆ. ಹೆದರಿ ಮುಚ್ಚಿಡದೆ ತಕ್ಷಣ ಸೀನಿಯರ್‌ಗೆ ಹೇಳಿ, ಹಳೆಯ ಕೀ ರದ್ದು ಮಾಡಿಸಿ. ಬೈದರೆ ಬೈಯಲಿ. ಪಬ್ಲಿಕ್ ರೆಪೊಗಳನ್ನು (ಯಾರು ಬೇಕಾದರೂ ನೋಡಬಹುದಾದ ಕೋಡ್ ಸಂಗ್ರಹಗಳು) ಜಾಲಾಡುವ ಬಾಟ್‌ಗಳು, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಂಗಳು, ನಿಮಿಷಗಳಲ್ಲೇ ಕೀ ಎತ್ತಿಕೊಂಡುಬಿಡಬಹುದು.

ಹಾಂ, ಕಾಲೇಜಿಗೆ ಇಂಟರ್ನ್‌ಶಿಪ್ ರಿಪೋರ್ಟ್ ಕೊಡುವಾಗ ಸ್ಕ್ರೀನ್‌ಶಾಟ್‌ಗಳಲ್ಲಿ ಪಾಸ್‌ವರ್ಡ್, ಕೀ ಕಾಣುತ್ತಿಲ್ಲವೇ ಎಂದೂ ಒಮ್ಮೆ ನೋಡಿಕೊಳ್ಳಿ.